‘ಸುಂಕ’ ಎಂಬ ಶಬ್ದ ಮತ್ತು ಅನುವಾದಕನ ಹೊಣೆ

2025ರ ಏಪ್ರಿಲ್‌ನಿಂದೀಚೆಗೆ ‘ಸುಂಕ’ ಎಂಬ ಹಳೆಯ ಮಾತು ಕನ್ನಡ ಪತ್ರಿಕೆಗಳ ಮುಖಪುಟಕ್ಕೆ ಮರಳಿ ಬಂದಿದೆ. ಅಮೆರಿಕವು ಹೊರದೇಶಗಳ ಸರಕುಗಳ ಮೇಲೆ ಹೇರಿದ ‘ಟ್ಯಾರಿಫ್’ ಕನ್ನಡದಲ್ಲಿ ಸುಂಕವಾಯಿತು. ಅದಕ್ಕೆ ಎದುರಾಗಿ ಹೇರುವುದು ಪ್ರತಿಸುಂಕವಾಯಿತು. ಎರಡರ ನಡುವಿನ ಜಗ್ಗಾಟ ಸುಂಕ ಸಮರವಾಯಿತು. ಪತ್ರಿಕೆಯ ಅದೇ ಪುಟದಲ್ಲಿ ವಿಮಾನ ನಿಲ್ದಾಣದಲ್ಲಿ ಚಿನ್ನ ಹಿಡಿದವರು ಮಾತ್ರ ‘ಕಸ್ಟಮ್ಸ್ ಅಧಿಕಾರಿಗಳು’. ಅವರ ಕಚೇರಿಯ ಫಲಕದಲ್ಲಿ ಹಿಂದಿಯ ನೆರಳಿನಲ್ಲಿ ಮೂಡಿದ ‘ಸೀಮಾ ಶುಲ್ಕ’. ಹೆದ್ದಾರಿಯಲ್ಲಿ ‘ಟೋಲ್’. ಮದ್ಯದ ಮೇಲಿನದು ‘ಅಬಕಾರಿ ಸುಂಕ’, ಕಾಗದಪತ್ರದ ಮೇಲಿನದು ‘ಮುದ್ರಾಂಕ ಶುಲ್ಕ’. ಒಂದೇ ಬಗೆಯ ವಸೂಲಿಗೆ ಹಲವು ಹೆಸರು, ಹಲವು ಬಗೆಯ ವಸೂಲಿಗೆ ಒಂದೇ ಹೆಸರು ಎಂಬ ಈ ಸ್ಥಿತಿ ಬಳಕೆಯ ಸಡಿಲತೆ ಮಾತ್ರವೆಂದು ತಳ್ಳಿಹಾಕುವಂಥದ್ದಲ್ಲ. ಶಾಸನಗಳನ್ನು, ಪ್ರಾಚೀನ ಗ್ರಂಥಗಳನ್ನು ಇಂಗ್ಲಿಷಿನ ಮೂಲಕ ಓದುವ ಇಂದಿನ ವಿದ್ಯಾರ್ಥಿಯು ಇದರಿಂದ ತಪ್ಪು ನಿರ್ಣಯಗಳಿಗೆ ಬರುತ್ತಾನೆ ಎಂಬುದೇ ಇಲ್ಲಿಯ ಆತಂಕ.

ನಿಘಂಟು ಒಂದು ಶಬ್ದದ ಎದುರಿಗೆ ಇನ್ನೊಂದು ಭಾಷೆಯ ಶಬ್ದವನ್ನು ಇಡುತ್ತದೆ. ಅನುವಾದಕನ ಕೆಲಸ ಅಲ್ಲಿಂದ ಮುಂದೆ ಆರಂಭವಾಗಬೇಕು. ಕೊಡುವವನು ಯಾರು, ಕೊಳ್ಳುವವನು ಯಾರು, ಯಾವ ಎಲ್ಲೆಯಲ್ಲಿ, ಯಾವ ಭಾವದಿಂದ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳದೆ ಸುಂಕದಂತಹ ಶಬ್ದವನ್ನು ಬೇರೆ ಭಾಷೆಗೆ ಒಯ್ಯಲಾಗದು. ಈ ಮಾತನ್ನು ಪರೀಕ್ಷಿಸಲು ಕರ್ನಾಟಕದಲ್ಲಿ ಕ್ಯಾಸಲ್‌ರಾಕ್‌ಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ.

ಉತ್ತರಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಈ ಊರು ಸಹ್ಯಾದ್ರಿಯ ತಲೆಯ ಮೇಲಿದೆ. ಬ್ರಿಟಿಷ್ ಇಂಡಿಯಾ ಮತ್ತು ಪೋರ್ಚುಗೀಸ್ ಗೋವೆಗಳ ನಡುವಿನ ಗಡಿ ಇದರ ಪಕ್ಕದಲ್ಲೇ ಹಾದುಹೋಗುತ್ತಿತ್ತು. 1878ರಲ್ಲಿ ಎರಡೂ ಸರ್ಕಾರಗಳು ಒಪ್ಪಂದವೊಂದಕ್ಕೆ ಸಹಿ ಹಾಕಿ, ತಮ್ಮ ನಡುವಿನ ಗಡಿಸುಂಕವನ್ನು ತೆಗೆದುಹಾಕಿ, ಮೊರ್ಮುಗೋವಾ ಬಂದರಿನಿಂದ ಘಟ್ಟದ ಮೇಲಕ್ಕೆ ರೈಲುಮಾರ್ಗ ಹಾಕುವ ನಿರ್ಧಾರ ಮಾಡಿದವು. ಗೋವೆಯ ಉಪ್ಪಿನ ಉತ್ಪಾದನೆಯ ಮೇಲಿನ ಹತೋಟಿಯೂ ಅದೇ ಒಪ್ಪಂದದಿಂದ ಬ್ರಿಟಿಷರ ಕೈಸೇರಿತು. 1888ರಲ್ಲಿ ರೈಲು ಘಟ್ಟವನ್ನೇರಿ ಕ್ಯಾಸಲ್‌ರಾಕ್ ತಲುಪಿತು. ಆದರೆ 1892ರಲ್ಲಿ ಒಪ್ಪಂದ ಮುಗಿದುಹೋಯಿತು, ತೆಗೆದುಹಾಕಿದ್ದ ಸುಂಕದ ಗಡಿ ಮತ್ತೆ ಎದ್ದುನಿಂತಿತು. ಘಟ್ಟದ ತಲೆಯಲ್ಲಿ ಕ್ಯಾಸಲ್‌ರಾಕ್, ಬುಡದಲ್ಲಿ ಕುಳೆಂ. ಮೇಲೆ ಬ್ರಿಟಿಷರ ತಪಾಸಣೆ, ಕೆಳಗೆ ಪೋರ್ಚುಗೀಸರ ತಪಾಸಣೆ. ಒಂದೇ ಪ್ರಯಾಣದಲ್ಲಿ ಪ್ರಯಾಣಿಕನು ತನ್ನ ಗಂಟನ್ನು ಎರಡು ಬಾರಿ ಬಿಚ್ಚಬೇಕಾಗಿತ್ತು. 1955ರಲ್ಲಿ ಗಡಿ ಮುಚ್ಚಿ ರೈಲಿನ ಓಡಾಟ ನಿಂತಿತು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡ ಮೇಲೆ ಆ ತಪಾಸಣೆಗೇ ಅರ್ಥವಿಲ್ಲದಾಯಿತು.

ಈ ಒಂದು ಹಳಿಯ ಮೇಲೆ ಒಂದೇ ವಸೂಲಿಗೆ ನಾಲ್ಕು ಹೆಸರುಗಳಿದ್ದವು. ಬ್ರಿಟಿಷ್ ಅಧಿಕಾರಿಗೆ ಅದು ‘ಕಸ್ಟಮ್ಸ್’, ಪೋರ್ಚುಗೀಸ್ ಅಧಿಕಾರಿಯ ಕಚೇರಿ ‘ಅಲ್ಫಾಂದೆಗಾ’, ಮರಾಠಿಯ ಒಡನಾಟದವರಿಗೆ ‘ಜಕಾತ್’ ಅಥವಾ ‘ಜಕಾತಿ’, ಕನ್ನಡಿಗನಿಗೆ ‘ಸುಂಕ’. ಇವು ನಿಘಂಟಿನಲ್ಲಿ ಒಂದಕ್ಕೊಂದು ಸಮಾನಪದಗಳು. ಆದರೆ ಪ್ರತಿಯೊಂದರ ಹಿನ್ನೆಲೆಯೂ ಬೇರೆ.

ಮೊದಲಿಗೆ ಕನ್ನಡದ ಮಾತು. ಸಂಸ್ಕೃತದ ‘ಶುಲ್ಕ’ವು ಪ್ರಾಕೃತದಲ್ಲಿ ‘ಸುಕ್ಕ’ ಎಂದೂ ‘ಸುಂಕ’ ಎಂದೂ ಆಗುತ್ತದೆ, ಪಾಲಿಯಲ್ಲಿಯೂ ಸುಂಕವೇ. ವಕ್ರವು ವಂಕವಾಗುವ, ದರ್ಶನವು ದಂಸಣವಾಗುವ ಬಗೆಯೇ ಇಲ್ಲಿಯೂ ಇದೆ: ಸಂಯುಕ್ತಾಕ್ಷರ ಕರಗಿ ಅನುನಾಸಿಕ ಮೂಡುತ್ತದೆ. ಕನ್ನಡವು ಈ ಶಬ್ದವನ್ನು ಸಂಸ್ಕೃತದ ಪಂಡಿತನಿಂದ ಪಡೆಯಲಿಲ್ಲ. ದಾರಿ ನಡೆಯುವ ವರ್ತಕನ, ಪ್ರಾಕೃತವನ್ನಾಡುವವನ ಬಾಯಿಯಿಂದ ಪಡೆಯಿತು. ತೆಲುಗಿನ ಸುಂಕಂ, ತಮಿಳಿನ ಸುಂಗಂ ಇದರ ಒಡಹುಟ್ಟುಗಳು. ಚೋಳ ಒಂದನೆಯ ಕುಲೋತ್ತುಂಗನಿಗೆ ಸುಂಗವನ್ನು ತೊಲಗಿಸಿದವನೆಂಬ ಬಿರುದೇ ಇತ್ತು. ಮುಂದೆ ಕನ್ನಡದಲ್ಲಿ ತತ್ಸಮ ಮತ್ತು ತದ್ಭವಗಳೆರಡೂ ಉಳಿದು ಕೆಲಸವನ್ನು ಹಂಚಿಕೊಂಡವು. ಪರೀಕ್ಷಾ ಶುಲ್ಕ, ಪ್ರವೇಶ ಶುಲ್ಕ ಎಂಬಲ್ಲಿ ಶುಲ್ಕವೆಂದರೆ ಪಡೆದ ಸೇವೆಗೆ ಕೊಡುವ ಹಣ. ಸುಂಕವೆಂದರೆ ಹೊತ್ತ ಸರಕಿಗೆ, ತಡೆದು ನಿಲ್ಲಿಸಿದವನಿಗೆ ಕೊಡುವ ಹಣ. ಶತಮಾನಗಳ ಬಳಕೆಯಿಂದ ಏರ್ಪಟ್ಟ ಈ ವಿವೇಕವನ್ನು ‘ಸೀಮಾ ಶುಲ್ಕ’ ಎಂಬ ಫಲಕ ಅಳಿಸಿಹಾಕುತ್ತದೆ. ಗಡಿಯಲ್ಲಿ ಪ್ರಯಾಣಿಕನಿಗೆ ಸರ್ಕಾರ ಯಾವ ಸೇವೆಯನ್ನು ಮಾರುತ್ತದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಇಂಗ್ಲಿಷಿನ ‘ಕಸ್ಟಮ್’ ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದ, ರೂಢಿ ಎಂಬರ್ಥದ ಮಾತು. ಹಿಂದಿನಿಂದ ನಡೆದುಬಂದ ಕೊಡುಗೆ ಎಂಬುದೇ ಆ ವಸೂಲಿಗೆ ಆಧಾರ. 1215ರ ಮ್ಯಾಗ್ನಾ ಕಾರ್ಟಾದಲ್ಲಿ ವರ್ತಕರು ಪ್ರಾಚೀನವೂ ನ್ಯಾಯವೂ ಆದ ರೂಢಿಯಂತೆ ಮಾತ್ರ ಕೊಡತಕ್ಕದ್ದೆಂಬ ನಿಯಮವಿದೆ. ‘ಡ್ಯೂಟಿ’ ಎಂಬುದೂ ಸಲ್ಲತಕ್ಕದ್ದು ಎಂಬ ಭಾವದಿಂದ ಹುಟ್ಟಿದ್ದು. ಅಂದರೆ ಇಂಗ್ಲಿಷಿನ ಶಬ್ದಗಳಲ್ಲಿ ಸಮರ್ಥನೆಯೊಂದು ಅಡಗಿದೆ: ಇದು ಹಳೆಯದು, ಆದ್ದರಿಂದ ಸರಿಯಾದದ್ದು.

ತುರ್ಕಿ ಭಾಷೆಯಲ್ಲಿ ಇದಕ್ಕೆ ‘ಗ್ಯುಮ್ರುಕ್’ ಎನ್ನುತ್ತಾರೆ. ವ್ಯಾಪಾರವೆಂಬ ಅರ್ಥದ ಲ್ಯಾಟಿನ್ ‘ಕೊಮ್ಮೆರ್ಕಿಯುಂ’ ಶಬ್ದವು ಬೈಜಾಂಟಿಯಮ್ಮಿನ ಗ್ರೀಕರಲ್ಲಿ ‘ಕೊಮ್ಮೆರ್ಕಿಯೊನ್’ ಎಂದಾಗಿ, ವ್ಯಾಪಾರದ ಮೇಲಿನ ತೆರಿಗೆಗೆ ಹೆಸರಾಗಿ, ತುರ್ಕರ ಬಾಯಿಯಲ್ಲಿ ಈ ರೂಪ ತಾಳಿತು. ಇಂಗ್ಲಿಷಿನ ‘ಕಾಮರ್ಸ್’ ಮತ್ತು ತುರ್ಕಿಯ ‘ಗ್ಯುಮ್ರುಕ್’ ಒಂದೇ ಬೇರಿನವು. ಒಂದೆಡೆ ವ್ಯಾಪಾರ ಎಂಬರ್ಥ ಉಳಿಯಿತು, ಇನ್ನೊಂದೆಡೆ ವ್ಯಾಪಾರವನ್ನು ತಡೆದು ವಸೂಲು ಮಾಡುವುದೇ ಅರ್ಥವಾಯಿತು. ಇಂಗ್ಲಿಷಿನಿಂದ ತುರ್ಕಿಗೆ ‘ಕಸ್ಟಮ್’ ಶಬ್ದವನ್ನು ಒಯ್ಯುವವನು ಎರಡು ದಾರಿಗಳ ಮುಂದೆ ನಿಲ್ಲುತ್ತಾನೆ: ರೂಢಿಯಾದರೆ ‘ಆದೆತ್’ ಅಥವಾ ‘ಗೆಲೆನೆಕ್’, ವಸೂಲಿಯಾದರೆ ‘ಗ್ಯುಮ್ರುಕ್’. ಹಾಗೆಂದು ತುರ್ಕರು ರೂಢಿಯನ್ನೂ ತೆರಿಗೆಯನ್ನೂ ಬೇರೆಬೇರೆ ಇಟ್ಟಿದ್ದರೆಂದು ಹೇಳುವಂತಿಲ್ಲ. ಆಟೊಮನ್ ಆಡಳಿತದಲ್ಲಿ ಕುರಿಗಳ ಮೇಲಿನ ತೆರಿಗೆಗೆ ‘ಆದೆತ್-ಇ ಅಗ್ನಾಮ್’ ಎಂಬ ಹೆಸರಿತ್ತು; ಅಕ್ಷರಶಃ ಕುರಿಗಳ ರೂಢಿ. ಕನ್ನಡಿಗರಿಗೂ ಇದು ಅಪರಿಚಿತವಲ್ಲ. ಸಂಸ್ಕೃತದಲ್ಲಿ ಎಲ್ಲೆ ಎಂಬರ್ಥವಿರುವ ‘ಮರ್ಯಾದೆ’ಯು ಶಾಸನಗಳಲ್ಲಿ ಹಿಂದಿನಿಂದ ಬಂದ ಕಟ್ಟಳೆಯನ್ನು ಸೂಚಿಸುತ್ತದೆ. ಇಂದು ಅದು ಗೌರವ ಮಾತ್ರ.

ಟ್ಯಾರಿಫ್‌ನ ಕಥೆ ಇನ್ನೂ ಸೋಜಿಗದ್ದು. ತಿಳಿಯಪಡಿಸುವುದು, ವಿವರಿಸುವುದು ಎಂಬ ಅರ್ಥದ ಅರಬ್ಬಿಯ ‘ತಅರೀಫ್’ ಮೆಡಿಟರೇನಿಯನ್ ಬಂದರುಗಳ ಮೂಲಕ ಇಟಾಲಿಯನ್ನಿಗೂ ಅಲ್ಲಿಂದ ಫ್ರೆಂಚ್, ಇಂಗ್ಲಿಷ್‌ಗಳಿಗೂ ಹೋಯಿತು. ಮೊದಲು ದರಗಳನ್ನು ತಿಳಿಸುವ ಪಟ್ಟಿ, ಬಳಿಕ ಆ ದರವೇ ‘ಟ್ಯಾರಿಫ್’ ಆಯಿತು. ತುರ್ಕಿಯಲ್ಲಿ ಎರಡು ರೂಪಗಳು ನಿಂತವು. ‘ತಾರಿಫ್’ ಎಂದರೆ ವಿವರಣೆ. ಅಡುಗೆ ಮಾಡುವ ಕ್ರಮವನ್ನು ಹೇಳುವುದೂ ತಾರಿಫೇ. ‘ತಾರಿಫೆ’ ಎಂದರೆ ದರಪಟ್ಟಿ. ಹಡಗು, ರೈಲುಗಳ ವೇಳಾಪಟ್ಟಿಯೂ ತಾರಿಫೆಯೇ. ಇದೇ ಶಬ್ದ ಪಾರಸಿಯ ಮೂಲಕ ದಖನಿಗೆ ಇಳಿದು ಉತ್ತರ ಕರ್ನಾಟಕದ ಕನ್ನಡದಲ್ಲಿ ‘ತಾರೀಫು’ ಆಗಿದೆ. ಅರ್ಥ ಮಾತ್ರ ಹೊಗಳಿಕೆ. ಒಬ್ಬನ ಗುಣವನ್ನು ನಾಲ್ಕು ಜನರಿಗೆ ತಿಳಿಸುವುದೇ ಹೊಗಳಿಕೆಯಾಯಿತು. ಕಾಗದದ ಮೇಲೆ ‘ಇಂಥವರ ಮಾರ್ಫತ್’ ಎಂದು ಬರೆಯುವಾಗಿನ ಮಾರ್ಫತ್ ಕೂಡ ಅರಿವೆಂಬ ಅರ್ಥದ ಅದೇ ಧಾತುವಿನದು. ಹೀಗೆ ಇಂಗ್ಲಿಷಿಗನ ದರ, ತುರ್ಕನ ವೇಳಾಪಟ್ಟಿ, ಧಾರವಾಡದವನ ಮೆಚ್ಚುಗೆ ಮೂರೂ ಒಂದೇ ತಾಯಿಯ ಮಕ್ಕಳು. ಇವುಗಳಲ್ಲಿ ಒಂದನ್ನು ಇನ್ನೊಂದರ ಅನುವಾದವೆಂದು ಬಳಸಿದರೆ ಆಗುವ ಅನರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಲ ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಆಗದು ಎಂಬ ಪಾಠವನ್ನು ವ್ಯುತ್ಪತ್ತಿಪ್ರಿಯರಾದ ಸಂಶೋಧಕರು ನೆನಪಿಡಬೇಕು.

ಉಳಿದ ಎರಡು ಶಬ್ದಗಳೂ ಅರಬ್ಬಿಯಿಂದಲೇ ಬಂದವು. ಪೋರ್ಚುಗೀಸರ ಅಲ್ಫಾಂದೆಗಾ ಮೂಲದಲ್ಲಿ ವರ್ತಕರು ಇಳಿದುಕೊಳ್ಳುವ ಛತ್ರ. ಅರಬ್ಬಿಯ ಅಲ್-ಫುಂದುಕ್, ಅದಕ್ಕೂ ಹಿಂದೆ ಗ್ರೀಕರ ತಂಗುಮನೆ. ‘ಜಕಾತಿ’ಯ ಪಯಣ ಇದಕ್ಕಿಂತ ಗಂಭೀರವಾದದ್ದು. ಇಸ್ಲಾಮಿನಲ್ಲಿ ಜಕಾತ್ ಎಂದರೆ ಉಳ್ಳವನು ಇಲ್ಲದವರಿಗೆ ಕೊಡಲೇಬೇಕಾದ ದಾನ. ತುರ್ಕಿಯ ‘ಜೆಕಾತ್’ ಇಂದಿಗೂ ಇದೇ ಅರ್ಥದಲ್ಲಿದೆ. ದಖನಿನ ಆಡಳಿತ ಭಾಷೆಯಲ್ಲಿ ಅದು ಸರಕಿನ ಮೇಲಿನ ವಸೂಲಿಯಾಗಿ, ಮರಾಠಿ ಮತ್ತು ಕನ್ನಡಗಳಲ್ಲಿ ಊರಬಾಗಿಲಿನ ಜಕಾತಿ ನಾಕೆಯಾಯಿತು. ಧರ್ಮದ ಶಬ್ದ ತೆರಿಗೆಯ ಶಬ್ದವಾಯಿತು.

ಸುಂಕದ ಚರಿತ್ರೆಯಲ್ಲಿ ಇದಕ್ಕೆ ಪ್ರತಿಯಾದ ಚಲನೆಯೂ ಕಾಣುತ್ತದೆ, ತೆರಿಗೆಯಿಂದ ಧರ್ಮಕಾರ್ಯಕ್ಕೆ. ಕ್ಯಾಸಲ್‌ರಾಕ್‌ನ ಆಚೀಚಿನ ಸೀಮೆಯಲ್ಲಿಯೇ ಇದಕ್ಕೆ ಉದಾಹರಣೆಗಳಿವೆ. ಗೋವೆಯ ಕದಂಬರು ಘಟ್ಟದ ಮೇಲಿನ ಪಲಸಿಗೆ ಹನ್ನೆರಡುಸಾವಿರವನ್ನೂ ಕೆಳಗಿನ ಕೊಂಕಣ ಒಂಬೈನೂರನ್ನೂ ಒಟ್ಟಿಗೆ ಆಳಿದವರು. 11ನೆಯ ಶತಮಾನದಲ್ಲಿ ಒಂದನೆಯ ಜಯಕೇಶಿಯ ಆಳ್ವಿಕೆಯ ತಾಮ್ರಶಾಸನವು ಆತನ ಮುಸ್ಲಿಂ ಅಧಿಕಾರಿಯೊಬ್ಬನು ಗೋವೆಯಲ್ಲಿ ಕಟ್ಟಿಸಿದ ‘ಮಿಜಿಗಿತಿ’ಯ, ಎಂದರೆ ಮಸೀದಿಯ, ಖರ್ಚಿಗೆ ಹಡಗುಗಳಿಂದಲೂ ವರ್ತಕರಿಂದಲೂ ವಸೂಲಿ ಮಾಡುವ ಅವಕಾಶವನ್ನು ಕೊಟ್ಟುದನ್ನು ಹೇಳುತ್ತದೆ. 1204ರಲ್ಲಿ ವೇಣುಗ್ರಾಮದಲ್ಲಿ, ಅಂದರೆ ಇಂದಿನ ಬೆಳಗಾವಿಯಲ್ಲಿ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜನು ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಶುಭಚಂದ್ರ ಭಟ್ಟಾರಕರ ಸಮ್ಮುಖದಲ್ಲಿ ದತ್ತಿಗಳು ಸಂದವು. ಅರಸನ ಭೂಮಿಯ ಜೊತೆಗೆ ವರ್ತಕರು ತಮ್ಮ ತಮ್ಮ ಸರಕುಗಳ ಮೇಲೆ ಇಂತಿಷ್ಟು ಎಂದು ತಾವೇ ಕಟ್ಟಿಕೊಂಡ ಆಯವೂ ಅಲ್ಲಿ ಸೇರಿದೆ. ಮಸೀದಿಗೂ ಬಸದಿಗೂ ನಡೆದ ಈ ವಸೂಲಿಗಳನ್ನು ‘ಕಸ್ಟಮ್ಸ್’ ಎಂದು ಭಾಷಾಂತರಿಸಿದೊಡನೆ ಓದುಗನ ಮನಸ್ಸಿನಲ್ಲಿ ಮೂಡುವುದು ರಾಷ್ಟ್ರದ ಗಡಿ, ಸಮವಸ್ತ್ರದ ಅಧಿಕಾರಿ, ಬೊಕ್ಕಸ. ಶಾಸನದಲ್ಲಿ ಈ ಮೂರೂ ಇಲ್ಲ.

ಮಧ್ಯಕಾಲದ ಸುಂಕವು ಗಡಿಗೆ ಕಟ್ಟುಬಿದ್ದದ್ದಲ್ಲ. ಸಂತೆಯಲ್ಲಿ, ದಾರಿಯಲ್ಲಿ, ಊರಬಾಗಿಲಲ್ಲಿ, ಒಂದೇ ಅರಸನ ನಾಡಿನೊಳಗೆ ಹಲವು ಕಡೆ ಅದನ್ನು ಎತ್ತುತ್ತಿದ್ದರು. ಪಿರಿದಾದ ಸುಂಕವು ‘ಪೆರ್ಜುಂಕ’, ನಂತರ ‘ಹೆಜ್ಜುಂಕ’. ಜೊತೆಗೆ ವಡ್ಡರಾವುಳ, ಬಿಲ್ಕೊಡೆಗಳೆಂಬ ಬೇರೆ ಹೆಸರುಗಳು. ಸಣ್ಣಪುಟ್ಟ ವಸೂಲಿಗಳಿಗೆ ‘ಕಿರುಕುಳ’. ಸಣ್ಣದೆಂಬ ಅರ್ಥದ ಈ ಶಬ್ದ ಇಂದು ಪೀಡನೆ ಎಂಬರ್ಥದಲ್ಲಿ ನಿಂತಿರುವುದು ಸಣ್ಣ ಅಧಿಕಾರದ ಬಗೆಗೆ ಜನರಿಗಿದ್ದ ಅನುಭವಕ್ಕೆ ಹೊಂದಿಕೆಯಾಗಿಯೇ ಇದೆ. ವಿಜಯನಗರ ಕಾಲದಲ್ಲಿ ‘ಮದುವೆ ಸುಂಕ’ವೂ ಇತ್ತು, ಅದನ್ನು ಬಿಟ್ಟುಕೊಟ್ಟ ಶಾಸನಗಳೂ ಇವೆ. ಮದುವೆಯ ದಿಬ್ಬಣ ಯಾವ ದೇಶದ ಗಡಿಯನ್ನು ದಾಟಿತು ಎಂದು ಇಂಗ್ಲಿಷ್ ಅನುವಾದ ಓದಿದ ವಿದ್ಯಾರ್ಥಿ ಕೇಳಿದರೆ ತಪ್ಪು ಅವನದಲ್ಲ. ಇಂಥಲ್ಲಿ ಮೂಲಶಬ್ದವನ್ನೇ ಉಳಿಸಿಕೊಂಡು, ಯಾವುದರ ಮೇಲೆ, ಯಾರಿಂದ ಎಂದು ವಿವರಿಸುವುದೇ ಪ್ರಾಮಾಣಿಕವಾದ ಮಾರ್ಗ.

ಜನರ ಮಾತಿನಲ್ಲಿ ಸುಂಕದವನ ಚಿತ್ರ ಸ್ಪಷ್ಟವಾಗಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯಲ್ಲಿ ಆತ ಕಿವಿಯಿದ್ದೂ ಕೇಳದವನು. ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ‘ಘಟ್ಟಕುಟೀಪ್ರಭಾತ’ ಎಂಬುದೊಂದಿದೆ. ಸುಂಕಕ್ಕೆ ಹೆದರಿ ರಾತ್ರಿಯೆಲ್ಲ ಅಡ್ಡದಾರಿ ಹಿಡಿದ ವರ್ತಕನಿಗೆ ಬೆಳಗಾದಾಗ ಎದುರಾದದ್ದು ಅದೇ ಸುಂಕದ ಗುಡಿಸಲು. ಇಲ್ಲಿ ‘ಘಟ್ಟ’ವೆಂದರೆ ಸುಂಕ ಎತ್ತುವ ಕಡವು. ಕನ್ನಡಿಗನಿಗೆ ಘಟ್ಟವೆಂದರೆ ಬೆಟ್ಟದ ಸಾಲು. ಕ್ಯಾಸಲ್‌ರಾಕ್‌ನಲ್ಲಿ ಆ ಶಬ್ದದ ಎರಡೂ ಅರ್ಥಗಳು ಒಂದೇ ನೆಲದ ಮೇಲೆ ನಿಂತಿದ್ದವು.

ಅನುವಾದದ ಹೊಣೆ ಶಾಸನದ ಓದಿಗಷ್ಟೇ ಸೀಮಿತವಲ್ಲ. ಆಚಾರದ ಪ್ರಶ್ನೆಯೂ ಅದಕ್ಕೆ ಅಂಟಿಕೊಂಡಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳತನಕ್ಕೆ ಪ್ರೇರಣೆ, ಕದ್ದ ಮಾಲನ್ನು ಕೊಳ್ಳುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ, ಕಲಬೆರಕೆ ಎಂಬ ನಾಲ್ಕರ ನಡುವೆ ‘ವಿರುದ್ಧರಾಜ್ಯಾತಿಕ್ರಮ’ವಿದೆ. ಐದೂ ವ್ಯಾಪಾರಕ್ಕೆ ಹತ್ತಿರವಾದವು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಸ್ಥಾನದಲ್ಲಿ ‘ವಿಲೋಪ’ವಿದೆ. ಆಧುನಿಕ ಅನುವಾದಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಕೆಲವೊಮ್ಮೆ ರಾಜ್ಯದ ಕಾನೂನನ್ನು ಮೀರುವುದೆಂದೂ ಕೆಲವೊಮ್ಮೆ ಸುಂಕ ತಪ್ಪಿಸುವುದೆಂದೂ ಇನ್ನು ಕೆಲವೊಮ್ಮೆ ಕಳ್ಳಸಾಗಣೆಯೆಂದೂ ಹೇಳುವುದುಂಟು. ಮೂರೂ ಒಂದೇ ಎಂಬಂತೆ ಪಾಠ ಮಾಡುವುದೂ ಉಂಟು.

ಪೂಜ್ಯಪಾದರ ಸರ್ವಾರ್ಥಸಿದ್ಧಿ ಇಲ್ಲಿ ಬಹಳ ಎಚ್ಚರದಿಂದ ನಡೆಯುತ್ತದೆ. ನ್ಯಾಯವಾದ ಕ್ರಮವನ್ನು ಬಿಟ್ಟು ಬೇರೆ ಬಗೆಯಲ್ಲಿ ಕೊಡುವುದು ಕೊಳ್ಳುವುದೇ ಅತಿಕ್ರಮ. ವಿರುದ್ಧವಾದ ರಾಜ್ಯದಲ್ಲಿ ಬೆಲೆಬಾಳುವ ವಸ್ತು ಅಲ್ಪಬೆಲೆಗೆ ಸಿಗುತ್ತದೆಂದು ಅದಕ್ಕಾಗಿ ಪ್ರಯತ್ನಿಸುವುದು ಅದರ ಲಕ್ಷಣ ಎಂಬುದು ಅವರ ವಿವರಣೆಯ ತಾತ್ಪರ್ಯ. ಗೋವೆಯಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಪರದೇಶದ ಮಾಲನ್ನು ಘಟ್ಟದ ಕಾಡುದಾರಿಯಲ್ಲಿ ಹೊತ್ತು ತರುವವನಿಗೆ ಈ ಮಾತು ತಕ್ಕಂತೆ ಅನ್ವಯಿಸುತ್ತದೆ. ಗಮನಿಸಬೇಕಾದುದು ಏನೆಂದರೆ, ಇಲ್ಲಿ ದೋಷದ ತಿರುಳು ಕಾನೂನಿನ ಉಲ್ಲಂಘನೆಯಲ್ಲ, ಅನ್ಯಾಯದ ಲಾಭದ ಆಸೆ. ಕೊಡದಿರುವುದನ್ನು ಪ್ರಮಾದದಿಂದ ಕೂಡಿದ ಮನಸ್ಸಿನಿಂದ ತೆಗೆದುಕೊಳ್ಳುವುದೇ ಸ್ತೇಯವೆಂಬ ಮೂಲ ಲಕ್ಷಣಕ್ಕೆ ಇದು ಹೊಂದಿಕೊಂಡಿದೆ.

ಈ ಭೇದವನ್ನು ಬಿಟ್ಟು ‘ರಾಜ್ಯದ ಕಾನೂನನ್ನು ಮೀರುವುದು’ ಎಂದು ಭಾಷಾಂತರಿಸಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಇದೇ ಜಿಲ್ಲೆಯ ಕಡಲತೀರದಲ್ಲಿದೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಜನರು ಉಪ್ಪು ತಯಾರಿಸಿ ಸರ್ಕಾರದ ಉಪ್ಪಿನ ಕಾಯಿದೆಯನ್ನು ಬಹಿರಂಗವಾಗಿ ಮುರಿದರು. ರಾಜ್ಯದ ಕಾನೂನನ್ನು ಮೀರಿದ್ದಂತೂ ನಿಜ. ಸುಂಕವನ್ನು ಕೊಡಲಿಲ್ಲವೆಂಬುದೂ ನಿಜ. ಹಾಗಾದರೆ ಅದರಲ್ಲಿ ಪಾಲ್ಗೊಂಡ ವ್ರತಿಕ ಶ್ರಾವಕನೊಬ್ಬನು ಅಚೌರ್ಯವ್ರತಕ್ಕೆ ದೋಷ ತಂದುಕೊಂಡನೆ? ಸಡಿಲವಾದ ಅನುವಾದದ ಪ್ರಕಾರ ಹೌದು. ಪೂಜ್ಯಪಾದರ ವಿವರಣೆಯ ಪ್ರಕಾರ ಇಲ್ಲ. ಅಲ್ಲಿ ಅಗ್ಗದ ಮಾಲಿನ ಆಸೆಯಿಲ್ಲ, ಮರೆಮಾಚುವಿಕೆಯಿಲ್ಲ. ದಂಡನೆಯನ್ನು ಒಪ್ಪಿಕೊಂಡೇ ಮಾಡಿದ ಕಾರ್ಯವದು. ಕಾಡುದಾರಿಯಲ್ಲಿ ಚಿನ್ನ ಸಾಗಿಸಿದವನನ್ನೂ ಹಗಲಿನಲ್ಲಿ ಉಪ್ಪು ಕಾಯಿಸಿದವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಅನುವಾದ ಶಬ್ದಕ್ಕೂ ಶಾಸ್ತ್ರಕ್ಕೂ ಅಪಚಾರವೆಸಗುತ್ತದೆ.

ಭಾಷೆಯನ್ನು ಬಳಸುವವರು ಜನರು, ಅವರು ಕಸ್ಟಮ್ಸ್ ಎಂದರೆ ಕಸ್ಟಮ್ಸೇ ಸರಿ ಎಂಬ ವಾದವೊಂದಿದೆ. ಬಸ್ಸು, ರೈಲುಗಳನ್ನು ಕನ್ನಡ ಒಪ್ಪಿಕೊಂಡಂತೆ ಇದನ್ನೂ ಒಪ್ಪಬಹುದು. ಕ್ಯಾಸಲ್‌ರಾಕ್ ಎಂಬ ಊರಿನ ಹೆಸರನ್ನೇ ಯಾರೂ ಅನುವಾದಿಸಲು ಹೋಗಲಿಲ್ಲ. ಆದರೆ ಬಸ್ಸು ಬರುವ ಮುನ್ನ ಕನ್ನಡದಲ್ಲಿ ಬಸ್ಸಿರಲಿಲ್ಲ. ಸುಂಕ ಸಾವಿರ ವರ್ಷಗಳಿಂದ ಇದೆ; ಗಾದೆಯಲ್ಲಿದೆ, ಬೆಂಗಳೂರಿನ ಸುಂಕದಕಟ್ಟೆಯಂತಹ ಊರ ಹೆಸರಿನಲ್ಲಿದೆ. ಪತ್ರಿಕೆಗಳು ಅದನ್ನು ಟ್ಯಾರಿಫ್‌ಗೆ ಬಳಸಿದ್ದು ಒಳ್ಳೆಯ ಆಯ್ಕೆಯೇ. ಆದರೂ ‘ಭಾರತದ ಮೇಲೆ ಸುಂಕ’ ಎಂಬ ಶಿರೋನಾಮೆಯಲ್ಲಿ ಒಂದು ಮರೆವು ಇದೆ. ಅಮೆರಿಕದ ಗಡಿಯಲ್ಲಿ ಆ ಹಣವನ್ನು ಕಟ್ಟುವವನು ಸರಕನ್ನು ತರಿಸಿಕೊಳ್ಳುವ ಅಲ್ಲಿಯ ವರ್ತಕ. ಭಾರತದ ಉತ್ಪಾದಕನಿಗೆ ತಟ್ಟುವುದು ಬೇಡಿಕೆ ಕುಸಿದಾಗ. ಯಾರು ಕೊಡುತ್ತಾನೆ ಎಂಬ ಪ್ರಶ್ನೆಯನ್ನು ಇಲ್ಲಿಯೂ ಕೇಳಲೇಬೇಕು.

ಆದ್ದರಿಂದ ಮೂರು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. ಆಡಳಿತ ಕನ್ನಡದಲ್ಲಿ ಗಡಿಯ ವಸೂಲಿಗೆ ಸುಂಕವೇ ಇರಲಿ. ಶುಲ್ಕವು ಶಾಲೆ, ಕಚೇರಿಗಳ ಸೇವೆಗೆ ಉಳಿಯಲಿ. ಶಾಸನಗಳ ಇಂಗ್ಲಿಷ್ ಅನುವಾದವನ್ನು ಆಧರಿಸುವ ಸಂಶೋಧನ ವಿದ್ಯಾರ್ಥಿಗಳು ‘ಕಸ್ಟಮ್ಸ್’, ‘ಟೋಲ್’ ಎಂದು ಕಂಡಲ್ಲೆಲ್ಲ ಕನ್ನಡ ಮೂಲವನ್ನು ತೆರೆದು ಹೆಜ್ಜುಂಕವೋ ಕಿರುಕುಳವೋ ಮದುವೆ ಸುಂಕವೋ ಎಂದು ನೋಡಲಿ. ಆಗಮ ಮತ್ತು ಶ್ರಾವಕಾಚಾರಗಳ ಪಾರಿಭಾಷಿಕ ಶಬ್ದಗಳನ್ನು ಇಂದಿನ ಕಾಯಿದೆಯ ಭಾಷೆಗೆ ತರುವವರು ಟೀಕೆಗಳನ್ನು ದಾಟಿ ನಿಘಂಟಿಗೆ ಹಾರದಿರಲಿ. ಅಡ್ಡದಾರಿ ಹಿಡಿದ ಅನುವಾದಕನಿಗೂ ಬೆಳಗಾಗುವುದು ಸುಂಕದ ಕಟ್ಟೆಯಲ್ಲಿಯೇ. ತಪ್ಪಿಸಿಕೊಂಡೆನೆಂದುಕೊಂಡ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ.